ನುಚ್ಚು ಕುದಿಸಿದ ಬೋಗುಣಿ

ನಾನು ಒಂದು ತಾಮ್ರದ ಬೋಗುಣಿ. ಗದಗಿನ ತಾಂಬಟರ ಓಣಿಯಲ್ಲಿ, ರಾಘೋಬಾ ಎಂಬ ಮುದುಕನ ಸುತ್ತಿಗೆಯ ಕೆಳಗೆ ನನ್ನ ಹುಟ್ಟು. ಮೊದಲು ನಾನೊಂದು ದುಂಡನೆಯ ತಗಡಾಗಿದ್ದೆ. ಆತನ ಹೆಂಡತಿ ತಿದಿ ಒತ್ತುತ್ತಿದ್ದಳು, ಆತ ನನ್ನನ್ನು ಕಾಯಿಸಿ, ತಿರುಗಿಸಿ ತಿರುಗಿಸಿ ಬಡಿಯುತ್ತಿದ್ದ. ಬಡಿದಂತೆಲ್ಲ ನನ್ನ ಅಂಚು ಮೇಲೆದ್ದಿತು, ಹೊಟ್ಟೆ ಅಗಲವಾಯಿತು. ತಯಾರಾದ ದಿನ ಮೈಯೆಲ್ಲ ಕೆಂಪಗೆ ಹೊಳೆಯುತ್ತಿತ್ತು. ನನ್ನಷ್ಟು ಚೆಂದದ ವಸ್ತು ಆ ಓಣಿಯಲ್ಲೇ ಇಲ್ಲ ಎಂದು ಆಗ ಅಂದುಕೊಂಡಿದ್ದೆ.

ತಾಮ್ರದ ಪಾತ್ರೆಗೆ ಹುಳಿ ಆಗುವುದಿಲ್ಲ. ಅದಕ್ಕೆ ಒಳಗೆ ತವರದ ಕಲಾಯಿ ಬೇಕು. ನನಗೆ ಮೊದಲ ಕಲಾಯಿ ಹಾಕಿದವನು ದಸ್ತಗೀರ. ಆಗ ತಾನೇ ಸ್ವಂತ ಕಸುಬು ಶುರು ಮಾಡಿದ್ದ ತರುಣ. ಕಾದ ನನ್ನ ಒಳಮೈಗೆ ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದೇ ಸಮನೆ ಉಜ್ಜಿದ. ನಾನು ಹೊರಗೆ ಕೆಂಪು, ಒಳಗೆ ಬೆಳ್ಳಿ ಆದೆ.

ನನ್ನನ್ನು ಕೊಂಡವಳು ತಂಗೆವ್ವ. ಸ್ಟೇಷನ್ ರಸ್ತೆಯಲ್ಲಿ ಅವಳದೊಂದು ಖಾನಾವಳಿ ಇತ್ತು. ತಗ್ಗು ಮಾಡಿನ ಒಂದು ಪಡಸಾಲೆ, ಸಾಲಾಗಿ ಹಾಸಿದ ಮಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಲ್ಲಿ ನನಗೆ ಬಿಡುವೇ ಇರಲಿಲ್ಲ. ಮುಂಜಾನೆ ಬೇಳೆ, ಸಂಜೆಗೆ ಹುಳಿ ಪುಂಡಿಸೊಪ್ಪಿನ ಪಲ್ಲೆ. ಕೆಂಪಗಿದ್ದ ತಳ ಒಂದು ವಾರದಲ್ಲಿ ಕಪ್ಪಾಯಿತು. ಮೊದಮೊದಲು ಬೇಸರವಾಯಿತು, ಆಮೇಲೆ ಮರೆತೆ.

ಖಾನಾವಳಿಗೆ ಬರುವವರಲ್ಲಿ ಮೂವರು ತರುಣರು ಯಾವಾಗಲೂ ಗೋಡೆಗೆ ಒರಗಿ ಒಟ್ಟಿಗೆ ಕೂಡುತ್ತಿದ್ದರು. ಒಬ್ಬ, ನನಗೆ ಕಲಾಯಿ ಹಾಕಿದ ದಸ್ತಗೀರ. ಇನ್ನೊಬ್ಬ ಛಾಪಖಾನೆಯಲ್ಲಿ ಅಕ್ಷರ ಜೋಡಿಸುವ ಚನ್ನವೀರ. ಮೂರನೆಯವನು ರೈಲು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದ ಪಾಂಡುರಂಗ. ಪಾಂಡುರಂಗನ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟುತ್ತಿರಲಿಲ್ಲ. ಇಲ್ಲಿ ಮಾತ್ರ ಆತ ಎರಡನ್ನೂ ಗಪಗಪ ತಿನ್ನುತ್ತಿದ್ದ.

"ನಮ್ಮವ್ವ ಬಂದ್ರ ಹೇಳಬ್ಯಾಡ ಆಯಿ," ಎನ್ನುತ್ತಿದ್ದ.

"ನಿಮ್ಮವ್ವ ಬಂದ್ರ ಆಕಿಗೂ ಒಂದು ತಾಟ ಹಚ್ಚತೀನಿ ತಗೋ," ಎನ್ನುತ್ತಿದ್ದಳು ತಂಗೆವ್ವ.

ಅಲ್ಲಿ ಏನು ಅಡುಗೆ ಎಂದು ಯಾರೂ ಕೇಳುತ್ತಿರಲಿಲ್ಲ. ತಾಟಿಗೆ ಬಿದ್ದದ್ದು ಊಟ. ಆ ಮೂವರು ಒಬ್ಬರ ತಾಟಿನಿಂದ ಒಬ್ಬರು ತೆಗೆದುಕೊಂಡು ತಿನ್ನುತ್ತಿದ್ದುದನ್ನು ಒಲೆಯ ಮೇಲಿನಿಂದ ನೋಡುತ್ತಿದ್ದೆ.

ವರ್ಷಗಳು ಹೋದವು. ತಂಗೆವ್ವನಿಗೆ ಮೊಣಕಾಲು ಬಾತು ಒಲೆಯ ಮುಂದೆ ಕೂಡುವುದು ಆಗದಾಯಿತು. ಖಾನಾವಳಿ ಮುಚ್ಚಿ ಮುಂಡರಗಿಯ ತಂಗಿಯ ಮನೆಗೆ ಹೊರಟಳು. ಪಾತ್ರೆಗಳನ್ನೆಲ್ಲ ಮಾರಿದಳು. ನನ್ನನ್ನು ಮಾತ್ರ ಮಾರಲಿಲ್ಲ. ಚನ್ನವೀರನ ಮದುವೆ ನಿಶ್ಚಯವಾಗಿತ್ತು. ನನ್ನನ್ನು ಅವನ ಕೈಗೆ ಕೊಟ್ಟಳು.

"ಇಬ್ಬರಿಗೆ ಇಷ್ಟು ದೊಡ್ಡದು ಯಾಕ ಆಯಿ?" ಎಂದ ಚನ್ನವೀರ.

"ಇವರಿಬ್ಬರು ನಾಳೆ ಎಲ್ಲಿ ಉಣಬೇಕೋ ಹುಚ್ಚಪ್ಪಾ?" ಎಂದಳು, ದಸ್ತಗೀರ ಮತ್ತು ಪಾಂಡುರಂಗನ ಕಡೆ ಕೈಮಾಡಿ.

ಹೀಗೆ ನಾನು ಎರಡು ಖೋಲಿಯ ಒಂದು ಬಾಡಿಗೆ ಮನೆಗೆ ಬಂದೆ. ಚನ್ನವೀರನ ಹೆಂಡತಿ ಸುವರ್ಣಾ ನರಗುಂದದ ಕಡೆಯವಳು. ಮಾತು ಕಡಿಮೆ, ಕೈ ಚುರುಕು. ನನ್ನ ಕಪ್ಪು ತಳ ನೋಡಿ ಮುಖ ಸಿಂಡರಿಸಿ, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ನನ್ನ ಕೆಂಪು ಮತ್ತೆ ನನಗೇ ಕಂಡಿತು.

ಗೆಳೆಯರನ್ನು ಮೊದಲ ಸಲ ಊಟಕ್ಕೆ ಕರೆದಾಗಿನ ಗದ್ದಲ ಈಗಲೂ ನೆನಪಿದೆ. ಊಟ ರವಿವಾರ ಇತ್ತು. ಏನು ಮಾಡುವುದು ಎಂಬ ಮಾತು ಬುಧವಾರವೇ ಶುರುವಾಯಿತು. ಚನ್ನವೀರ ಕೆಲಸದಿಂದ ಬಂದವನೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

"ಎಣ್ಣಿಗಾಯಿ ಮಾಡೂಣೇನ?"

"ಮಾಡೂಣು."

"ಪಾಂಡು ಲಗ್ನಾದ ಮ್ಯಾಲೆ ಉಳ್ಳಾಗಡ್ಡಿ ಬಿಟ್ಟಾನ. ಅವನ ಹೆಂಡತಿ ಆಣಿ ಹಾಕಿಸ್ಯಾಳ."

"ಉಳ್ಳಾಗಡ್ಡಿ ಬಿಟ್ಟು ಮಾಡೂಣು."

"ಉಳ್ಳಾಗಡ್ಡಿ ಬಿಟ್ರ ದಸ್ತಗೀರ ಮುಟ್ಟಂಗಿಲ್ಲ. ಹೋಳಿಗಿ ಮಾಡಿದ್ರ ಹೆಂಗ? ಅಲ್ಲ, ಅವಗ ಸಿಹಿ ಸೇರಂಗಿಲ್ಲ..."

ಸುವರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. "ಒಬ್ಬೊಬ್ಬರ ನಾಲಿಗಿಗೆ ಒಂದೊಂದು ಒಲಿ ಹಚ್ಚಲೇನ್ರಿ?" ಎಂದಳು. ಚನ್ನವೀರ ನಕ್ಕ. ಅವಳೂ ನಕ್ಕಳು. ಮದುವೆಯಾಗಿ ಬಂದ ಮೇಲೆ ಅವರಿಬ್ಬರೂ ಸೇರಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಡೆಗೆ ಎಣ್ಣಿಗಾಯಿ ಎರಡು ಥರ ಆಯಿತು. ಹೋಳಿಗೆಯೂ ಆಯಿತು, ಖಾರ ಚಟ್ನಿಯೂ ಆಯಿತು. ನನ್ನಲ್ಲಿ ಕಟ್ಟಿನ ಸಾರು ಕುದಿಯಿತು. ಗಂಡಸರು ಉಂಡು, ತಾಂಬೂಲ ಹಾಕಿ, ಹಳೆಯ ಖಾನಾವಳಿ ನೆನೆದು ಜೋರಾಗಿ ನಕ್ಕರು. ಸುವರ್ಣಾ ಒಳಗೆ ಒಬ್ಬಳೇ ನನ್ನ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿ ಉಂಡಳು. ಹೊರಗಿನ ಮಾತಿಗೆ ಕಿವಿ ಕೊಟ್ಟು, ಆಗಾಗ ತನ್ನಷ್ಟಕ್ಕೇ ನಗುತ್ತಿದ್ದಳು.

ಆಮೇಲೆ ಅದೊಂದು ರೂಢಿಯೇ ಆಯಿತು. ಎರಡು ಮೂರು ತಿಂಗಳಿಗೊಮ್ಮೆ ಗೆಳೆಯರು ಬರುತ್ತಿದ್ದರು. ಅವರು ಬರುವ ಮುಂಚಿನ ದಿನಗಳೇ ಚನ್ನವೀರನಿಗೆ ಹಬ್ಬ. ಸಂತೆಯಲ್ಲಿ ಮೆಂತೆ ಎಳೆಯದಿದೆಯೇ ನೋಡಿ ಬರುತ್ತಿದ್ದ. ಅವರೆಕಾಯಿ ಬಂದರೆ ಮಾತು ಮೊದಲಿನಿಂದ ಶುರು. ನಾನು ಒಲೆಯ ಮೇಲಿದ್ದರೆ ಬಂದು ಮುಚ್ಚಳ ತೆಗೆದು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಚೂರು ಬೆಲ್ಲ" ಎನ್ನುತ್ತಿದ್ದ. ಎಷ್ಟೇ ಬೆಲ್ಲ ಹಾಕಿದ್ದರೂ ಹಾಗೆಯೇ ಎನ್ನುತ್ತಿದ್ದ. ಸುವರ್ಣಾ ಡಬ್ಬಿಗೆ ಕೈ ಹಾಕಿದಂತೆ ಮಾಡಿ ಸುಮ್ಮನಾಗುತ್ತಿದ್ದಳು. ಆತ ಇನ್ನೊಂದು ಹನಿ ನೆಕ್ಕಿ, "ಈಗ ನೋಡು!" ಎನ್ನುತ್ತಿದ್ದ.

ಆ ನಾಲಿಗೆಗೇ ಹುಣ್ಣಾಯಿತು.

ಅಷ್ಟರಲ್ಲಿ ಮೂವರ ತಲೆಯೂ ನರೆತಿತ್ತು. ಮೊದಲು ತಂಬಾಕಿನ ಸುಣ್ಣ ಹತ್ತಿತೆಂದ. ಹುಣ್ಣು ಮಾಯಲಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಹುಣ್ಣು ಕೊಯ್ದು ತೆಗೆದರು. ಬಹಳ ದಿನ ಮನೆಗೆ ಬೀಗ ಬಿದ್ದಿತ್ತು. ತಿರುಗಿ ಬಂದಾಗ ಚನ್ನವೀರನ ಕೆನ್ನೆ ಒಳಗೆ ಹೋಗಿತ್ತು, ಮಾತು ತೊದಲುತ್ತಿತ್ತು. ಜೀವ ಉಳಿದಿತ್ತು. ಆದರೆ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ, ಖಾರ ತಾಗಿದರೆ ಕಣ್ಣಲ್ಲಿ ನೀರು. ಮೆತ್ತಗೆ ಬೇಯಿಸಿದ ನುಚ್ಚಿಗೆ ಮೊಸರು ಕಲಸಿ ಕೊಟ್ಟರೆ ಉಣ್ಣುತ್ತಿದ್ದ. ಅದೂ ಬಾಯಿಯ ಒಂದು ಮೂಲೆಯಿಂದ ಸೋರುತ್ತಿತ್ತು.

ಯಾರಾದರೂ ನೋಡಿಯಾರೆಂದು ಆತ ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತು ಉಣ್ಣತೊಡಗಿದ. ನಾನು ಅದೇ ಗೋಡೆಯ ಗೂಡಿನಲ್ಲಿದ್ದೆ. ಹೆಗಲ ಮೇಲಿನ ಟವೆಲ್ಲಿನಿಂದ ಗಳಿಗೆಗೊಮ್ಮೆ ಗದ್ದ ಒರೆಸಿಕೊಳ್ಳುತ್ತಿದ್ದ. ಗೆಳೆಯರು ನೋಡಲು ಬಂದರೆ ಅವರಿಗೆ ಚಹಾ ಮಾಡಿಸುತ್ತಿದ್ದ, ತಾನು ಕುಡಿಯುತ್ತಿರಲಿಲ್ಲ. ಊಟದ ಮಾತು ಯಾರೂ ಎತ್ತಲಿಲ್ಲ. ನನ್ನ ಮೇಲೆ ಧೂಳು ಕೂತಿತು.

ಒಂದು ದಿನ ದಸ್ತಗೀರ ಒಂದು ಸುದ್ದಿ ತಂದ. ಪಾಂಡುರಂಗ ನೌಕರಿಯಿಂದ ನಿವೃತ್ತನಾಗಿದ್ದ. ಮಗಳ ಊರಾದ ಸೊಲ್ಲಾಪುರಕ್ಕೆ ಸಂಸಾರ ಸಮೇತ ಹೊರಟಿದ್ದ. ಇನ್ನು ಗದಗಿಗೆ ಬರುವುದು ಅಪರೂಪ.

ಚನ್ನವೀರ ಟವೆಲ್ಲಿನಿಂದ ಗದ್ದ ಒರೆಸಿಕೊಂಡ. ಆಮೇಲೆ, "ರವಿವಾರ ಇಬ್ಬರೂ ಊಟಕ್ಕ ಬರ್ರಿ," ಎಂದ.

ದಸ್ತಗೀರ ಗೂಡಿನಿಂದ ನನ್ನನ್ನು ಇಳಿಸಿಕೊಂಡು ಹೋದ. ಮರುದಿನ ಹೊಸ ಕಲಾಯಿ ಹಾಕಿ ತಂದಿಟ್ಟ.

ಆ ಸಂಜೆ ಚನ್ನವೀರ ಮತ್ತೆ ಹೊಸ್ತಿಲ ಮೇಲೆ ಕೂತ. ತೊದಲುತ್ತಲೇ ಶುರು ಮಾಡಿದ. ಎಣ್ಣಿಗಾಯಿ ಎರಡು ಥರ, ಕಟ್ಟಿನ ಸಾರು, ಹೋಳಿಗೆ. ಸುವರ್ಣಾಳ ಮುಖ ಅರಳಿತು. ಎಲ್ಲದಕ್ಕೂ ಹೂಂ ಎಂದಳು. ಕಡೆಗೆ ಕೇಳಿದಳು, "ನಿಮಗೇನು ಮಾಡ್ಲಿ?"

"ನಂದೇನು? ನಾ ನೀಡತೀನಿ. ಹೊಟ್ಟಿ ಸರಿ ಇಲ್ಲ ಅಂತ ಹೇಳತೀನಿ."

ಅವಳು ಒಲೆಯ ಕಡೆ ಮುಖ ತಿರುಗಿಸಿದಳು.

ರವಿವಾರ ಸಂಜೆ ಚನ್ನವೀರ ಅಡುಗೆಮನೆಗೆ ಬಂದಾಗ ಬದನೆಕಾಯಿ ಇರಲಿಲ್ಲ, ಹೋಳಿಗೆಯ ಕಣಕ ಇರಲಿಲ್ಲ. ಒಲೆಯ ಮೇಲೆ ನಾನೊಂದೇ. ನನ್ನೊಳಗೆ ಜೋಳದ ನುಚ್ಚು ಲೊಟಲೊಟ ಕುದಿಯುತ್ತಿತ್ತು. ಸುವರ್ಣಾ ಮಧ್ಯಾಹ್ನವೇ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಒಡೆದಿದ್ದಳು. ಪಕ್ಕದಲ್ಲಿ ಒಂದು ಗಡಿಗೆ ಗಟ್ಟಿ ಮೊಸರು.

"ಏನಿದು?" ಎಂದ ಚನ್ನವೀರ.

"ಅಡಗಿ."

"ಊರು ಬಿಟ್ಟು ಹೋಗಾಂವಗ ನುಚ್ಚ ಹಾಕಿ ಕಳಸ್ತೀ? ಜಡ್ಡಿನವರ ಕೂಳು ಇದು! ನನ್ನ ಮಾನ ಕಳೀಬೇಕಂತ ಮಾಡೀಯೇನ?"

ಸುವರ್ಣಾ ನುಚ್ಚು ತಿರುವುತ್ತಿದ್ದ ಹುಟ್ಟನ್ನು ಕೆಳಗಿಟ್ಟಳು. "ಎಣ್ಣಿಗಾಯಿ ಸೊಲ್ಲಾಪುರದಾಗೂ ಸಿಗತೈತಿ. ನಿಮ್ಮ ಕೂಡ ಕುಂತು ಉಣ್ಣೂದು ಎಲ್ಲಿ ಸಿಗತೈತ್ರಿ ಅವರಿಗೆ?" ಎಂದಳು. "ನೀವು ಗ್ವಾಡಿ ನೋಡಕೋತ ಉಣ್ಣೂದನ್ನ ನಾ ಇಷ್ಟು ದಿನ ನೋಡೀನಿ. ಇವತ್ತ ನೋಡಂಗಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು.

ಪಡಸಾಲೆಯಲ್ಲಿ ಸುವರ್ಣಾ ನಾಲ್ಕು ತಾಟು ಹಾಕಿದಳು. ನಾಲ್ಕನೆಯದು ತನಗೆ. ಆ ಮನೆಗೆ ಬಂದ ಮೇಲೆ ಅವಳು ಅವರೊಡನೆ ಉಣ್ಣಲು ಕೂತದ್ದು ಅಂದೇ ಮೊದಲು. ನನ್ನನ್ನು ತಂದು ನಡುವೆ ಇಟ್ಟು ಮುಚ್ಚಳ ತೆಗೆದಳು. ಬಿಸಿ ಹಬೆ ಎಲ್ಲರ ಮುಖಕ್ಕೆ ಬಡಿಯಿತು. ಚನ್ನವೀರ ತಲೆ ತಗ್ಗಿಸಿ ತಾಟಿನ ಅಂಚು ಹಿಡಿದು ಕೂತಿದ್ದ. ನುಚ್ಚು ಬಿತ್ತು, ಮೊಸರು ಬಿತ್ತು. ದಸ್ತಗೀರ ತಾಟು ನೋಡಿದ, ಗೆಳೆಯನನ್ನು ನೋಡಿದ, ಏನೋ ತಿಳಿದವನಂತೆ ಕಲಸಿ ಸೊರ್ರೆಂದು ಉಣ್ಣತೊಡಗಿದ. ಪಾಂಡುರಂಗನೂ ಕಲಸಿದ.

ಚನ್ನವೀರ ಒಂದು ತುತ್ತು ಬಾಯಿಗಿಟ್ಟ. ಮೊಸರು ಗದ್ದದ ಮೇಲೆ ಇಳಿಯಿತು. ತಟ್ಟನೆ ಟವೆಲ್ಲಿಗೆ ಕೈ ಹಾಕಿ ಏಳಲು ಹೋದ.

"ಅಕ್ಕಾ, ಇನ್ನಷ್ಟು ನೀಡು," ಎಂದ ದಸ್ತಗೀರ, ತಲೆ ಎತ್ತದೆ. "ಚನ್ನೂ ಎದ್ದರ ಅವನ ಪಾಲೂ ನನಗ."

"ಅವನ ಪಾಲಿನಾಗ ನಂದೂ ಅರ್ಧ ಅದ," ಎಂದ ಪಾಂಡುರಂಗ. ಆಮೇಲೆ ಸುವರ್ಣಾಳ ಕಡೆ ತಿರುಗಿದ. "ವೈನಿ, ನನಗ ಉಳ್ಳಾಗಡ್ಡಿ ನಡಿಯಂಗಿಲ್ಲ, ಇವಗ ಸಿಹಿ ನಡಿಯಂಗಿಲ್ಲ ಅಂತ ಇಷ್ಟು ವರ್ಷ ತಲಿ ಕೆಡಿಸಿಕೊಂಡ್ರಿ. ಇದನ್ನ ಮೊದಲ ಮಾಡಿದ್ರ ಏನಾಗತಿತ್ತು?"

"ಇವರು ಮಾಡಗೊಡಬೇಕಲ್ಲ?" ಎಂದಳು ಸುವರ್ಣಾ.

ಚನ್ನವೀರನಿಗೆ ನಗು ಬಂತು. ನಕ್ಕದ್ದೇ ಬಾಯೊಳಗಿನದೆಲ್ಲ ಅಂಗಿಯ ಮೇಲೆ ಚೆಲ್ಲಿತು. ಆತ ಒರೆಸಿಕೊಳ್ಳಲಿಲ್ಲ. ನಗುನಗುತ್ತಲೇ ಅವನ ಕಣ್ಣಲ್ಲಿ ನೀರು ಇಳಿಯಿತು. ಪಾಂಡುರಂಗ ಎಡಗೈಯಿಂದ ಅವನ ಬೆನ್ನು ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಚನ್ನವೀರ ಖಾಲಿ ತಾಟನ್ನು ಮುಂದೆ ತಳ್ಳಿ, "ಇನ್ನೊಂದು ಚೂರು," ಎಂದ.

ನನ್ನ ತಳ ಕೆರೆದು ಉಂಡರು. ಆ ರಾತ್ರಿ ನನ್ನಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಪಾಂಡುರಂಗ ಸೊಲ್ಲಾಪುರಕ್ಕೆ ಹೋದ. ಒಂದೆರಡು ಸಲ ಬಂದ, ಆಮೇಲೆ ಬರಲಿಲ್ಲ. ಚನ್ನವೀರ ಇನ್ನೂ ಹಲವು ವರ್ಷ ಬದುಕಿದ. ಗೋಡೆಗೆ ಮುಖ ಮಾಡಿ ಮತ್ತೆ ಕೂಡಲಿಲ್ಲ. ಮನೆಗೆ ಯಾರು ಬಂದರೂ ಅವರ ಎದುರಿಗೇ ತನ್ನ ನುಚ್ಚಿನ ತಾಟು ಇಟ್ಟುಕೊಳ್ಳುತ್ತಿದ್ದ. ಒಂದು ಚಳಿಗಾಲದಲ್ಲಿ ಆತ ಹೋದ.

ಮನೆಗೆ ಗ್ಯಾಸಿನ ಒಲೆ ಬಂತು, ಉಕ್ಕಿನ ಪಾತ್ರೆಗಳು ಬಂದವು. ಅಷ್ಟು ಸಣ್ಣ ಒಲೆಯ ಮೇಲೆ ನಾನು ನಿಲ್ಲುತ್ತಿರಲಿಲ್ಲ. ದಸ್ತಗೀರನ ಕೈ ನಡುಗಲು ಶುರುವಾಗಿ ಕಲಾಯಿ ಹಾಕುವುದೂ ನಿಂತಿತು. ಸುವರ್ಣಾ ತನ್ನ ಅಕ್ಕನೊಡನೆ ಇರಲು ನರಗುಂದಕ್ಕೆ ಹೊರಟಾಗ ನನ್ನನ್ನು ಸೆರಗಿನಿಂದ ಒರೆಸಿ ದಸ್ತಗೀರನ ಮಗಳು ರೆಹಾನಾಳಿಗೆ ಕೊಟ್ಟಳು. ಮಾರುವುದಕ್ಕೆ ಮನಸ್ಸು ಬರಲಿಲ್ಲ ಎಂದಷ್ಟೇ ಹೇಳಿದಳು.

ಈಗ ನಾನು ರೆಹಾನಾಳ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ತಳ ತೆಳ್ಳಗಾಗಿದೆ, ಬೆಂಕಿ ತಾಳುವುದಿಲ್ಲ. ಹೊಟ್ಟೆಯ ತುಂಬ ಜೋಳ ತುಂಬಿಟ್ಟಿದ್ದಾಳೆ. ರೆಹಾನಾ ಶಾಲೆಯ ಮಾಸ್ತರಿಣಿ. ಅವಳ ಗೆಳತಿಯರು ಊಟಕ್ಕೆ ಬರುತ್ತಿರುತ್ತಾರೆ. ಹಿಂದಿನ ದಿನ ಸೊಂಟದ ಮೇಲೆ ಕೈಯಿಟ್ಟು ನನ್ನ ಎದುರು ನಿಂತು, ಒಬ್ಬಳಿಗೆ ಇದು ಆಗುವುದಿಲ್ಲ, ಇನ್ನೊಬ್ಬಳಿಗೆ ಅದು ಸೇರುವುದಿಲ್ಲ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕುತ್ತಾಳೆ.

ನನ್ನಲ್ಲಿ ಬೆಂದ ಸಾರುಗಳ ರುಚಿ ಒಂದೂ ನನಗೆ ನೆನಪಿಲ್ಲ. ಪ್ರತಿ ಸಲ ಕಲಾಯಿ ಬದಲಾದಾಗ ಅವೆಲ್ಲ ಉಜ್ಜಿ ಹೋದವು. ಆದರೆ ಬರುವವರ ಹೆಸರು ಹಿಡಿದು ಒಬ್ಬರು ಹೀಗೆ ಯೋಚಿಸುತ್ತ ನಿಂತ ಹೊತ್ತನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಒಲೆ ಹಚ್ಚುವ ಮುಂಚೆಯೇ ಮನೆ ಬೆಚ್ಚಗಾಗುವ ಹೊತ್ತು ಅದು. ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ರೆಹಾನಾ ಬಗ್ಗಿ ನನ್ನೊಳಗಿನಿಂದ ಬೊಗಸೆ ತುಂಬ ಜೋಳ ತೆಗೆದುಕೊಳ್ಳುತ್ತಾಳೆ, ಸ್ವಲ್ಪ ಯೋಚಿಸಿ, ಇನ್ನೊಂದು ಬೊಗಸೆ ತೆಗೆದುಕೊಳ್ಳುತ್ತಾಳೆ.