ಸೋಪಿಲ್ಲದ ನೀರು

"ಲೇ, ಸೋಪೇನು ನಿಮ್ಮಪ್ಪನ ಮನೆಯಿಂದ ತಂದಿದ್ದೀಯಾ? ಇಷ್ಟೊಂದು ಬಳೀತಿದ್ದೀಯಲ್ಲೇ!"

ಹಿಂದಿನಿಂದ ಬಂದ ಸೀಟಿ ನಮ್ಮ ಅತ್ತೆಯ ಬಕೆಟ್ಟಿಗೆ ಒದ್ದ. ನೊರೆಯೆಲ್ಲ ಅವಳ ಕಾಲ ಮೇಲೆ ಚೆಲ್ಲಿತು. ಅವನು ನಮ್ಮ ಸೂಪರ್‌ವೈಸರ್. ಅವನ ನಿಜವಾದ ಹೆಸರು ನಮಗ್ಯಾರಿಗೂ ಬೇಕಾಗಿರಲಿಲ್ಲ, ಸೀಟಿ ಎಂದೇ ಕರೆಯುತ್ತಿದ್ದೆವು. ಕತ್ತಿನಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಹೆಂಗಸರನ್ನು ಕರೆಯುವುದಕ್ಕೂ ಅದೇ, ಓಡಿಸುವುದಕ್ಕೂ ಅದೇ. ಉಚ್ಚೆಗೆ ಕೂತವರು ಬೇಗ ಏಳಲಿ ಎಂದು ಪೊದೆಯ ಆಚೆ ನಿಂತು ಊದುತ್ತಿದ್ದುದೂ ಅದನ್ನೇ.

"ಗುಳ್ಳೆ ಬರ್ತಿದೆ ಸಾರ್, ನೋಡಿ ಇಲ್ಲಿ," ಎಂದಳು ಅತ್ತೆ.

"ಸೋಪು ಹಾಕಿದ್ರೆ ಬರದೆ ಇರ್ತದೇನೇ ಮುಂಡೇದೇ? ಸೋಪು ಹಾಕಿದ್ದೇ ನಿನ್ನ ತಪ್ಪು."

ನಮ್ಮ ಕೆಲಸವೇ ಅದು. ನೆಲದೊಳಗಿಂದ ಎಣ್ಣೆ, ಗ್ಯಾಸು ಎಳೆಯುವ ಬಾವಿಗಳ ಸುತ್ತ ಎಲ್ಲಿ ನೋಡಿದರೂ ಪೈಪುಗಳು. ಅವುಗಳ ಒಂದೊಂದು ಜಾಯಿಂಟಿಗೂ, ಒಂದೊಂದು ವಾಲ್ವಿಗೂ ನಾವು ಬ್ರಶ್ಶಿನಿಂದ ಸೋಪಿನ ನೀರು ಬಳಿಯಬೇಕು. ಗುಳ್ಳೆ ಎದ್ದರೆ ಅಲ್ಲಿ ಗ್ಯಾಸು ಸೋರುತ್ತಿದೆ ಎಂದರ್ಥ. ಅಲ್ಲೊಂದು ಕೆಂಪು ಪಟ್ಟಿ ಕಟ್ಟಿ ಮುಂದಕ್ಕೆ ಹೋಗಬೇಕು. ನಮ್ಮ ಹಿಂದೆಯೇ ರಿಪೇರಿಯವರು ಬರುತ್ತಾರೆಂದು ಹೇಳಿದ್ದರು. ಆ ಪುಣ್ಯಾತ್ಮರನ್ನು ನಾವಂತೂ ಕಣ್ಣಿಂದ ಕಂಡಿಲ್ಲ. ಕಟ್ಟಿದ ಪಟ್ಟಿ ಬಿಸಿಲಿಗೆ ಬಣ್ಣಗೆಟ್ಟು ಉದುರಿದಾಗ ಅದೇ ಜಾಗಕ್ಕೆ ಹೊಸದು ಕಟ್ಟುತ್ತಿದ್ದೆವು.

ಹೀಗೆ ಉರಿಯದೆ ಹೋಗುವ ಗ್ಯಾಸು ಹೊಗೆಗಿಂತಲೂ ಕೆಟ್ಟದ್ದಂತೆ, ಭೂಮಿಯನ್ನೇ ಕಾಯಿಸುತ್ತದಂತೆ. ಸೋರಿಕೆ ಇಳಿಸಲೇಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಇಳಿಸುವುದಕ್ಕೆ ದಾರಿ ಎರಡೇ. ಬಾವಿ ನಿಲ್ಲಿಸಿ ವಾಲ್ವು ಬದಲಾಯಿಸುವುದು ಒಂದು, ಸೋಪು ನಿಲ್ಲಿಸುವುದು ಇನ್ನೊಂದು. ಬಾವಿ ನಿಂತರೆ ಕಂಪನಿಗೆ ಲುಕ್ಸಾನು. ದೊಡ್ಡ ಸಾಹೇಬರು ಸೋಪು ನಿಲ್ಲಿಸಿದರು.

ಮಾರನೆಯ ದಿನದಿಂದ ಬಕೆಟ್ಟಿನಲ್ಲಿ ಬರೀ ನೀರು. ಬಳಿದೆವು, ಒರೆಸಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ಸೀಟಿ ಹಳೆಯ ಕೆಂಪು ಪಟ್ಟಿಗಳನ್ನೆಲ್ಲ ನಮ್ಮ ಕೈಯಿಂದಲೇ ಬಿಚ್ಚಿಸಿದ.

"ನೋಡಿದ್ರಾ? ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಆಗುತ್ತೆ," ಎಂದು ಎದೆಯುಬ್ಬಿಸಿದ.

"ನಿಮ್ಮ ಚಡ್ಡೀನೂ ಮನೇಲಿ ಹಿಂಗೇ ಒಗೀತಾರಾ ಸಾರ್, ಬರೀ ನೀರಲ್ಲಿ?" ಎಂದಳು ಅತ್ತೆ. "ಅದಕ್ಕೇ ನೀವು ಬಂದ್ರೆ ದೂರದಿಂದಲೇ ಗೊತ್ತಾಗೋದು."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗುವಿಗೆ ಅತ್ತೆ ಮಧ್ಯಾಹ್ನದವರೆಗೆ ತುಂಬಿದ ಬಕೆಟ್ಟು ತಲೆ ಮೇಲಿಟ್ಟುಕೊಂಡು ಬಿಸಿಲಲ್ಲಿ ನಿಲ್ಲಬೇಕಾಯಿತು. ನೀರು ತುಳುಕಿದಾಗಲೆಲ್ಲ ಸೀಟಿ ಊದುತ್ತಿದ್ದ. ಅವಳು ತುಟಿ ಅಲುಗಿಸದೆ ಅವನ ವಂಶದ ಹೆಣ್ಣು ಗಂಡು ಯಾರನ್ನೂ ಬಿಡದೆ ಬೈಯುತ್ತಿದ್ದಳು.

ನನ್ನ ಚಿಂತೆ ಬೇರೆ. ಭೂಮಿ ಕಾಯುವುದಿರಲಿ, ನನ್ನ ಹೆತ್ತ ಹೊಟ್ಟೆ ಕಾಯುತ್ತಿತ್ತು. ನಾವು ಬುತ್ತಿ ಇಡುವ ತಗಡಿನ ಶೆಡ್ಡಿನಲ್ಲಿ ಹಳೆಯ ಹೆಲ್ಮೆಟ್ ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ ನನ್ನ ಮಗಳನ್ನು ಮಲಗಿಸುತ್ತಿದ್ದೆ. ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ. ಶೆಡ್ಡಿನ ಹಿಂಗೋಡೆಗೆ ತಾಗಿದಂತೆ ಒಂದು ವಾಲ್ವು. ಸೋಪಿದ್ದ ಕಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಗುಳ್ಳೆ ಎಬ್ಬಿಸುತ್ತಿದ್ದುದು ಅದೇ. ಕುಡಿಸಿದ ಹಾಲನ್ನು ಮಗು ಕಕ್ಕುತ್ತಿತ್ತು. ಎಬ್ಬಿಸಿದರೆ ಎದ್ದೇಳದೆ ಜೋಲುತ್ತಿತ್ತು. ಸಂಜೆ ಮನೆಗೆ ಹೋದ ಮೇಲೆಯೇ ಕಣ್ಣರಳಿಸುತ್ತಿತ್ತು. ಒಳಗೆ ಕೂತು ಉಂಡರೆ ನಮಗೇ ತಲೆ ಸುತ್ತುವಾಗ ಆ ಕೂಸಿನ ಪಾಡೇನು? ಬೇರೆ ಕಡೆ ಮಲಗಿಸಲು ನೆರಳಿರಲಿಲ್ಲ, ಮನೆಯಲ್ಲಿ ಬಿಡಲು ಜನವಿರಲಿಲ್ಲ.

ಕೊನೆಗೆ ಗಟ್ಟಿ ಮನಸ್ಸು ಮಾಡಿ ದೊಡ್ಡ ಸಾಹೇಬರ ಕೋಣೆಗೆ ಹೋದೆ.

"ಅಲ್ಲೇ ನಿಲ್ಲು. ಒಳಗೆ ಬರಬೇಡ, ಕಾರ್ಪೆಟ್ ಇದೆ," ಎಂದವರೇ ಮೇಜಿನ ಮೇಲಿದ್ದ ಸುಗಂಧದ ಡಬ್ಬಿ ಎತ್ತಿ ನನ್ನ ಕಡೆಗೆ ಪುಸ್ ಎನಿಸಿದರು. ಜಿರಲೆಗೆ ಹೊಡೆದ ಹಾಗೆ ಹೊಡೆದರು. "ಏನು?"

"ಶೆಡ್ಡಿನ ಹಿಂದಿನ ವಾಲ್ವು ಸೋರ್ತಿದೆ ಸಾರ್. ನನ್ನ ಮಗು ಅಲ್ಲೇ ಮಲಗುತ್ತೆ. ಕುಡಿದಿದ್ದೆಲ್ಲ ಕಕ್ಕುತ್ತೆ. ಅದೊಂದನ್ನಾದ್ರೂ ರಿಪೇರಿ ಮಾಡ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಗುಳ್ಳೆ ಬಂತಾ?"

"ಸೋಪು ಕೊಟ್ರೆ ಬರುತ್ತೆ ಸಾರ್."

"ಬಂದಿಲ್ಲ ತಾನೆ? ಹಾಗಾದ್ರೆ ಸೋರ್ತಿಲ್ಲ. ನಿನ್ನ ಹಾಲೇ ಕೆಟ್ಟಿರಬೇಕು. ಹಾಳುಮೂಳು ಏನೇನು ತಿಂತೀರೋ." ಅವರು ಮತ್ತೆ ಡಬ್ಬಿ ಕೈಗೆತ್ತಿಕೊಂಡರು. "ಒಂದು ವಾಲ್ವಿಗೋಸ್ಕರ ಬಾವಿ ನಿಲ್ಲಿಸ್ಬೇಕಾ? ಹೋಗು. ಹೋಗ್ತಾ ಬಾಗಿಲು ಸರಿಯಾಗಿ ಹಾಕು, ತಂಪೆಲ್ಲ ಸೋರಿಹೋಗುತ್ತೆ."

ನಾನು ಬಾಗಿಲು ಹಾಕಿದೆ. ಸೋರುವುದೆಂದರೆ ಏನೆಂದು ಸಾಹೇಬರಿಗೆ ಗೊತ್ತಿತ್ತು. ಅದೇ ನನ್ನ ಮೈ ಉರಿಸಿದ್ದು.

ಅಷ್ಟರಲ್ಲಿ ಸುದ್ದಿ ಬಂತು. ಸೋರಿಕೆ ಒಂದೇಟಿಗೆ ಸೊನ್ನೆಗಿಳಿದದ್ದನ್ನು ಕಣ್ಣಾರೆ ನೋಡಿ ಪ್ರಶಸ್ತಿ ಫಲಕ ಕೊಡಲು ಹೊರಗಿನಿಂದ ಪರಿಶೀಲನೆಯವರು ಬರುತ್ತಾರಂತೆ. ಅವರೆದುರು ನಾವು ಸಾಲಾಗಿ ನಿಂತು ನೀರು ಬಳಿದು ತೋರಿಸಬೇಕಂತೆ. ಪೈಪುಗಳಿಗೆ ಬಣ್ಣ ಬಂತು. ನಮ್ಮ ಶೆಡ್ಡೂ ಅದರ ಹಿಂದಿನ ವಾಲ್ವೂ ಮುಚ್ಚಿಹೋಗುವಂತೆ 'ಶುದ್ಧ ಗಾಳಿ ನಮ್ಮ ಹೊಣೆ' ಎಂಬ ದೊಡ್ಡ ಬ್ಯಾನರ್ ಬಂತು. ನಮಗೆ ಹಸಿರು ಕೋಟು ಬಂತು. ಕಾರ್ಯಕ್ರಮ ಮುಗಿದ ಕೂಡಲೇ ವಾಪಸ್ಸು ಕೊಡಬೇಕು, ಬೆವರಬಾರದು ಎಂದು ಸೀಟಿ ತಾಕೀತು ಮಾಡಿದ.

ಮನೆಗೆ ಬಂದು ಕೋಟು ತೊಟ್ಟು ನೋಡಿದ ಅತ್ತೆ ಎರಡೂ ಕೈ ಒಳಗೆ ತೂರಿಸಿ ಕೂಗಿದಳು, "ಲೇ, ಇದಕ್ಕೆ ಜೇಬಿದೆ ಕಣೇ!"

ಆಮೇಲೆ ತುರಿಯುವ ಮಣೆ ತೆಗೆದು ಬಟ್ಟೆ ಸೋಪು ತುರಿಯಲು ಕೂತಳು. ನನ್ನ ಗಂಡ ಹೆದರಿದ.

"ಅಮ್ಮಾ, ಇಬ್ಬರ ಕೆಲಸಾನೂ ಹೋಗುತ್ತೆ."

"ಹೋಗ್ಲಿ ಬಿಡೋ. ಮಗು ಹೋದ್ರೆ ಏನು ಮಾಡ್ತೀಯಾ?"

ಅವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಇನ್ನೊಂದು ಸೋಪು ತಂದು ಅವಳ ಮುಂದಿಟ್ಟ. ಅತ್ತೆ ಆಮೇಲೆ ಮನೆಮನೆಗೆ ಹೋಗಿ ಹೆಂಗಸರ ಜೇಬು ತುಂಬಿಸಿ ಬಂದಳು.

ಆ ದಿನ ಬೆಳಿಗ್ಗೆ ಸೀಟಿ ಒಂದೊಂದು ಬಕೆಟ್ಟಿಗೂ ಬೆರಳದ್ದಿ, ಉಜ್ಜಿ, ಮೂಸಿ ನೋಡಿದ. ನೀರು ನೀರಾಗಿಯೇ ಇತ್ತು. ತೃಪ್ತಿಯಾಗಿ ಶೆಡ್ಡಿನ ಹತ್ತಿರ ಹೋದ. ನನ್ನ ಮಗಳು ಪೆಟ್ಟಿಗೆಯಲ್ಲಿ ಮಲಗಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿಬಿಟ್ಟ.

"ಅಯ್ಯೋ, ಒಳಗೆ ಮಗು ಇದೆ!"

"ಇರ್ಲಿ. ದೊಡ್ಡೋರು ಬಂದಾಗ ಅಳೋ ಸದ್ದು ಕೇಳ್ಬಾರ್ದು. ಚಿಲಕಕ್ಕೆ ಕೈ ಹಚ್ಚಿದ್ಯೋ, ಗೇಟಿಂದಾಚೆ ಎಸೀತೀನಿ."

ಆಗಲೇ ಕಾರುಗಳು ಬಂದುವು. ಸೀಟಿ ಊದಿದ. ನನ್ನನ್ನು ಸಾಲಿಗೆ ತಳ್ಳಿದ.

ಪರಿಶೀಲನೆಯವರು ಮೂವರು. ಅವರಲ್ಲೊಬ್ಬಳು ಮೇಡಂ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದಳು. ಸಾಹೇಬರು ಭೂಮಿತಾಯಿಯ ಬಗ್ಗೆ ಕಣ್ಣಂಚು ಒದ್ದೆಯಾಗುವಂತೆ ಭಾಷಣ ಮಾಡಿದರು. ಅವರು ಮಾತಾಡುತ್ತಿದ್ದಂತೆ ನಾವು ಜೇಬಿಗೆ ಕೈ ಹಾಕಿದೆವು. ತುರಿ ಬಕೆಟ್ಟಿಗೆ ಬಿತ್ತು. ಬ್ರಶ್ಶಾಡಿಸಿದೆವು.

"ಈಗ ನೋಡಿ, ಒಂದೇ ಒಂದು ಗುಳ್ಳೆ ಬಂದ್ರೆ ಕೇಳಿ," ಎಂದರು ಸಾಹೇಬರು.

ಒಂದು ಬರಲಿಲ್ಲ. ಸಾಲುಸಾಲಾಗಿ ಬಂದುವು. ಹೊಸ ಬಣ್ಣದ ಜಾಯಿಂಟುಗಳ ಮೇಲೆ ಹೆಸರುಕಾಳಿನಷ್ಟು, ನಿಂಬೆಹಣ್ಣಿನಷ್ಟು, ಒಂದರ ಬೆನ್ನಿಗೆ ಇನ್ನೊಂದು. ಗಾಳಿಗೆ ಕಿತ್ತುಬಂದ ನೊರೆ ಸಾಹೇಬರ ಟೈ ಮೇಲೆ ಕೂತಿತು.

"ಇದೇನಿದು?" ಎಂದಳು ಮೇಡಂ.

"ಸ್ವಚ್ಛತೆ ಮೇಡಂ! ತೊಳೀತಿದ್ದಾರೆ. ನಮ್ಮ ಹೆಂಗಸ್ರಿಗೆ ಕ್ಲೀನು ಅಂದ್ರೆ ಪ್ರಾಣ," ಎಂದು ಹಲ್ಲುಕಿರಿದ ಸಾಹೇಬರು ಸೀಟಿಯ ಕಡೆ ಕಣ್ಣು ಕೆಕ್ಕರಿಸಿದರು.

ಸೀಟಿ ಗುಳ್ಳೆ ಒಡೆಯಲು ಓಡಿದ. ಈ ವಾಲ್ವಿನದು ಒಡೆದರೆ ಆ ವಾಲ್ವಿನದು ಎದ್ದಿತು. ಎರಡೂ ಕೈಯಿಂದ ಬಡಿದ, ಮೊಣಕೈಯಿಂದ ಬಡಿದ. ಮುಖವೆಲ್ಲ ನೊರೆ. ದಿಕ್ಕು ತೋಚದೆ ನಮ್ಮನ್ನು ನಿಲ್ಲಿಸಲು ಸೀಟಿ ಬಾಯಿಗಿಟ್ಟು ಜೋರಾಗಿ ಊದಿದ. ಸದ್ದು ಹೊರಡಲಿಲ್ಲ, ಗುಳ್ಳೆ ಹೊರಟಿತು. ಅಷ್ಟು ವರ್ಷ ಅದರ ಸದ್ದಿಗೆ ನಡುಗಿದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು.

ಸಾಹೇಬರು ಅತ್ತೆಯ ಹತ್ತಿರ ಬಂದು ಹಲ್ಲು ಕಡಿದರು. "ಎಲ್ಲಿಂದ ಬಂತೇ ಸೋಪು?"

"ನಮ್ಮಪ್ಪನ ಮನೆಯಿಂದ ಸಾರ್," ಎಂದಳು ಅತ್ತೆ ಎಲ್ಲರಿಗೂ ಕೇಳುವಂತೆ. "ಇನ್ನೂ ಒಂದು ಜೇಬು ತುಂಬ ಇದೆ. ಬೇಕಿತ್ತಾ?"

ನನಗೆ ನಗಲಾಗಲಿಲ್ಲ. ಬಕೆಟ್ಟೆತ್ತಿಕೊಂಡು ಓಡಿದೆ. ಚಿಲಕ ತೆಗೆದು ಮಗಳನ್ನು ಎದೆಗವಚಿಕೊಂಡೆ. ಅವಳ ಕುತ್ತಿಗೆ ಜೋಲುತ್ತಿತ್ತು. ಒಂದು ಕೈಯಲ್ಲಿ ಬ್ಯಾನರ್ ಹಿಡಿದು ಜಗ್ಗಿದೆ. ಶುದ್ಧ ಗಾಳಿ ಹಗ್ಗದ ಸಮೇತ ಹರಿದು ಕೆಳಗೆ ಬಿತ್ತು. ಹಿಂದಿದ್ದ ವಾಲ್ವಿನ ಮೇಲೆ ನೊರೆನೀರು ಸುರಿದೆ. ಗುಳ್ಳೆ ಎದ್ದಿತು, ಕುಂಬಳಕಾಯಿಯಷ್ಟು.

"ನನ್ನ ಮಗು ಇದರ ಪಕ್ಕದಲ್ಲೇ ಮಲಗೋದು!" ಎಂದು ಕಿರುಚಿದೆ. "ಬಾವಿ ನಿಲ್ಸಿ!"

ಮೇಡಂ ಫೋನು ಕೆಳಗಿಳಿಸಲಿಲ್ಲ. ಸಾಹೇಬರು, "ಆ ಹೆಂಗಸಿಗೆ ತಲೆ ಸರಿಯಿಲ್ಲ ಮೇಡಂ, ಬನ್ನಿ, ತಿಂಡಿ ಆರಿಹೋಗುತ್ತೆ," ಎನ್ನುತ್ತಿದ್ದರು. ಹಿಂದೆ ಬಾವಿಯ ಪಂಪು ತನ್ನ ಪಾಡಿಗೆ ತಾನು ಕುಟ್ಟುತ್ತಲೇ ಇತ್ತು. ಅತ್ತೆಯೂ ಉಳಿದ ಹೆಂಗಸರೂ ಬಕೆಟ್ಟು ಸಮೇತ ಬಂದು ನನ್ನ ಸುತ್ತ ಕೂತರು.

ಹೊರಗಿನ ಗಾಳಿ ತಾಗಿ ಮಗಳು ನಿಧಾನವಾಗಿ ಕಣ್ಣು ಬಿಟ್ಟಳು. ಎದುರಿಗೆ ಅಷ್ಟು ದೊಡ್ಡ ಗುಳ್ಳೆ ಕಂಡು ಬೊಚ್ಚುಬಾಯಿ ತೆರೆದು ನಕ್ಕಳು, ಹಿಡಿಯಲು ಕೈ ಚಾಚಿದಳು. ಸೀಟಿ ಏದುಸಿರು ಬಿಡುತ್ತಾ ಬಂದು ಅದನ್ನು ಒಡೆದ. ಅವಳು ಅಳಲು ಶುರು ಮಾಡಿದಳು.

ನಾನು ಬ್ರಶ್ಶನ್ನು ಮತ್ತೆ ಅದ್ದಿದೆ.