ನೇಲ್ ಪಾಲಿಶ್ ಹಚ್ಚಿದ ನಟ್ಟು

ನನ್ನ ಗಂಡ ಪ್ರಶಾಂತನ ಗಿಟಾರನ್ನು ನಾನು ಸವತಿ ಎಂದೇ ಕರೆಯುವುದು. ನನಗಿಂತ ಮೊದಲು ಅವನ ಬದುಕಿಗೆ ಬಂದವಳು, ನನಗಿಂತ ಹೆಚ್ಚು ಮುದ್ದು ಮಾಡಿಸಿಕೊಂಡವಳು. ಆ ಸವತಿಯ ಹೆಗಲಪಟ್ಟಿಯ ಒಂದು ನಟ್ಟಿಗಾಗಿ ಅವನು ಒಬ್ಬ ಮನುಷ್ಯನ ಕೈ ಮುರಿದ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಕನ್ನಡಿಗರ ಪುಟ್ಟ ಬ್ಯಾಂಡ್. ಪ್ರಶಾಂತ ಗಿಟಾರ್, ಅನೀಶ ಬೇಸ್, ಚಾಮುಂಡಿ ಎಂಬ ನಾನು ಡ್ರಮ್ಸ್. ಅನೀಶ ಉಡುಪಿಯವನು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸರ್ಜನ್. ಬಲಗೈಯೇ ಅವನ ಅನ್ನ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಂದು ಹಾಡಿನ ಸೋಲೋ ಅನೀಶನಿಗೂ ಕೊಡಿ ಎಂದು ಇಲ್ಲಿನ ಕನ್ನಡ ಸಂಘದವರು ಹೇಳಿದಾಗಿನಿಂದ ಪ್ರಶಾಂತನ ಮುಖ ಊದಿಕೊಂಡಿತ್ತು.

ಆದರೂ ಗಿಟಾರಿನ ಪಟ್ಟಿ ಸರಿಮಾಡಿಕೊಟ್ಟವನು ಅನೀಶನೇ. ಪಟ್ಟಿಯ ಎರಡೂ ತುದಿಯಲ್ಲಿ ಗಿಟಾರನ್ನು ಕಚ್ಚಿ ಹಿಡಿಯುವ ಒಂದೊಂದು ಲೋಹದ ಲಾಕ್ ಇರುತ್ತದೆ. ಆ ಲಾಕನ್ನು ಪಟ್ಟಿಗೆ ಬಿಗಿದಿಡುವುದು ಒಂದು ಚಿಕ್ಕ ನಟ್ಟು. ನುಡಿಸಿ ನುಡಿಸಿ ಒಂದು ತುದಿಯ ನಟ್ಟು ಪದೇಪದೇ ಸಡಿಲವಾಗುತ್ತಿತ್ತು. ದಸರೆಗೆ ಮುಂಚೆ ಒಂದು ದಿನ ಅನೀಶ, "ನಿನ್ನ ನೇಲ್ ಪಾಲಿಶ್ ಕೊಡು ಮಾರಾಯ್ತಿ," ಎಂದು ನನ್ನಿಂದ ಇಸಕೊಂಡು, ನಟ್ಟಿನ ಥ್ರೆಡ್ಡಿಗೆ ಒಂದು ಹನಿ ಕೆಂಪು ಹಚ್ಚಿ ಬಿಗಿದ. "ಒಣಗಿದ ಮೇಲೆ ಇದು ಜಪ್ಪಯ್ಯ ಅಂದ್ರೂ ಅಲ್ಲಾಡುದಿಲ್ಲ," ಎಂದ. ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಆಯುಧಪೂಜೆ ಬಂತು. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆ ಗಿರಿಜಮ್ಮ ಕಾರು, ಲ್ಯಾಪ್‌ಟಾಪು, ಗಿಟಾರು, ನನ್ನ ಡ್ರಮ್ ಕೋಲು ಎಲ್ಲವನ್ನೂ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರು.

ಅದಾದ ಭಾನುವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಪ್ರಾಕ್ಟೀಸ್. ಅನೀಶನನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಕೆಳಗಿನ ಮಾಮಕ್ ಎಂಬ ಟೀ-ತಿಂಡಿ ಅಂಗಡಿಗೆ ಹೋಗಿ, ಟೀ ಕುಡಿದು, ಅವನಿಗೂ ಒಂದು ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದೆವು. ಎರಡನೇ ಹಾಡಿನ ನಡುವೆ ಟಪ್ ಎಂದಿತು. ಪಟ್ಟಿ ಕಳಚಿ ಗಿಟಾರು ಸಿಮೆಂಟಿನ ನೆಲಕ್ಕೆ ಬಿದ್ದು, ಕುತ್ತಿಗೆ ಎರಡು ತುಂಡಾಯಿತು.

ಪ್ರಶಾಂತ ಪಟ್ಟಿಯನ್ನು ಗಿಟಾರಿನಿಂದ ಪೂರ್ತಿ ಬಿಡಿಸಿ, ಅದನ್ನೂ ಕಳಚಿದ ಲಾಕನ್ನೂ ಎತ್ತಿ ಬೆಳಕಿಗೆ ಹಿಡಿದ. ಥ್ರೆಡ್ಡು ಫಳಫಳ ಹೊಳೆಯುತ್ತಿತ್ತು. ಕೆಂಪಿನ ಸುಳಿವೇ ಇರಲಿಲ್ಲ.

"ಬಣ್ಣ ಎಲ್ಲೋ?"

"ಹಾಕಿದ್ದೆ ಮಾರಾಯ. ಚಾಮುಂಡಿಯ ಹತ್ರವೇ ಕೇಳು."

"ನೀನು ಹಾಕಿದ್ದೆ, ಸರಿ. ಇವತ್ತು ನೀನೇ ಕೆರೆದು ತೆಗ್ದೆ. ನಾವು ಟೀಗೆ ಹೋದಾಗ ಇಲ್ಲಿ ಒಬ್ನೇ ಇದ್ಯಲ್ಲ!"

"ನಿನಗೆಂತ ಹುಚ್ಚಾ?"

ಅಷ್ಟೇ ಸಾಕಾಯಿತು. ಪ್ರಶಾಂತ ಪಟ್ಟಿಯನ್ನು ಬೀಸಿದ. ಇನ್ನೊಂದು ತುದಿಯ ಲಾಕು ಅನೀಶನ ಹುಬ್ಬಿಗೆ ಬಡಿದು ಚರ್ಮ ಸೀಳಿತು. ಕಣ್ಣಿಗೆ ರಕ್ತ ಇಳಿದು, ಅವನು ಆಂಪ್ಲಿಫೈಯರ್ ಎಡವಿ ಬಿದ್ದ. ಏಳಲೆಂದು ಬಲಗೈ ನೆಲಕ್ಕೆ ಊರಿದ. ಆ ಕೈಯನ್ನು ಪ್ರಶಾಂತ ಬೂಟುಗಾಲಿನಿಂದ ತುಳಿದ. ಮತ್ತೆ ತುಳಿದ. ಮೂಳೆ ಲಟಲಟ ಎಂದದ್ದು ನನಗೆ ಕೇಳಿಸಿತು.

"ಬಿಡೋ ಪಾಪಿ!" ಎಂದು ಚೀರಿ, ಸಿಂಬಲ್ಲಿನ ಸ್ಟ್ಯಾಂಡ್ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ಅವನು ತಿರುಗಿ ನನ್ನನ್ನು ಡ್ರಮ್ಮುಗಳ ಮೇಲೆ ನೂಕಿದ. ನನ್ನ ತುಟಿ ಒಡೆಯಿತು. ಕಟ್ಟಿಕೊಂಡ ಗಂಡನ ಕಣ್ಣಿನಲ್ಲಿ ನನ್ನ ಗುರುತೇ ಇರಲಿಲ್ಲ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಅನೀಶನನ್ನು ಆಸ್ಪತ್ರೆಗೆ ಸೇರಿಸಿದವಳು ನಾನೇ. ಮೂರು ಬೆರಳು ಮುರಿದಿದ್ದವು. ಇನ್ನು ಮುಂದೆ ಆ ಕೈಯಲ್ಲಿ ಆಪರೇಷನ್ ಮಾಡಲಾಗುತ್ತದೆಯೇ ಎಂದು ಕೇಳಿದರೆ ಡಾಕ್ಟರು ಈಗಲೇ ಹೇಳಲಾಗದು ಎಂದರು. ಅನೀಶ ಕೇಳಿಕೊಂಡದ್ದು ಒಂದೇ.

"ನಾನು ತೆಗೀಲಿಲ್ಲ ಚಾಮುಂಡಿ. ಅದೊಂದು ಅವನಿಗೆ ಗೊತ್ತಾಗ್ಬೇಕು."

ಮನೆಗೆ ಬಂದರೆ ಪ್ರಶಾಂತ ಬೂಟನ್ನೂ ಬಿಚ್ಚದೆ ಸೋಫಾದಲ್ಲಿ ಕೂತಿದ್ದ. ಪಕ್ಕದಲ್ಲಿ ಮುರಿದ ಗಿಟಾರು. ಅನೀಶ ಬೇಕೆಂದೇ ಬೀಳಿಸಿದನೆಂದು ಸಂಘದ ವಾಟ್ಸಾಪ್ ಗುಂಪಿಗೆ ಟೈಪ್ ಮಾಡುತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದು ಗಿಟಾರು ನೋಡಿ ಎದೆ ಹಿಡಿದುಕೊಂಡರು.

"ಅಯ್ಯೋ ದೇವ್ರೇ! ಪೂಜೆ ಮಾಡಿದ ಸಾಮಾನು ಹೀಗಾ ಆಗೋದು? ಎಷ್ಟು ಚೆನ್ನಾಗಿ ಉಜ್ಜಿದ್ದೆ ಕಣೋ. ಪಟ್ಟಿ ತುದೀಲಿ ಆ ನಟ್ಟಿಗೆ ಕೆಂಪಗೆ ತುಕ್ಕು ಹಿಡ್ದಿತ್ತು. ಪೂಜೆಗೆ ಹಾಗೇ ಇಡಕ್ಕಾಗುತ್ತಾ? ಇಕ್ಕಳದಲ್ಲಿ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಮತ್ತೆ ಹಾಕ್ದೆ. ಬೆರಳಲ್ಲೇ ಸಲೀಸಾಗಿ ತಿರುಗ್ತಿತ್ತು."

ಪ್ರಶಾಂತನ ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ, "ಚಾಮು, ಇದು ಮನೇಲೇ ಇರ್ಲಿ," ಎಂದ.

ಇರಲಿಯಂತೆ! ನನ್ನ ಒಡೆದ ತುಟಿಯಿಂದಲೇ ಎಲ್ಲವನ್ನೂ ಅತ್ತೆಗೆ ಹೇಳಿದೆ. ಹುಬ್ಬು, ಬೂಟು, ಮೂರು ಬೆರಳು, ಒಂದನ್ನೂ ಬಿಡಲಿಲ್ಲ. ಅವರು ಅಳಲಿಲ್ಲ. ಮಂಡಿನೋವಿನ ಹೆಂಗಸು, ಸೋಫಾ ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕೂತರು. ಮಗನ ಬೂಟಿನ ಪಕ್ಕ ಬಲಗೈಯನ್ನು ಅಗಲವಾಗಿ ಇಟ್ಟರು.

"ಉಜ್ಜಿದ್ದು ಈ ಕೈ. ತುಳಿ."

"ಅಮ್ಮಾ, ಏನಿದು, ಏಳಮ್ಮ."

"ಆ ಹುಡುಗನ ಕೈ ಮೇಲೆ ಕಾಲಿಡಕ್ಕೆ ಬಂತಲ್ಲ. ಈಗೇನಾಯ್ತು? ತುಳಿಯೋ!"

ಅವನು ಎರಡೂ ಕಾಲನ್ನು ಸೋಫಾದ ಮೇಲಕ್ಕೆ ಎಳೆದುಕೊಂಡ. ಬೂಟಿನ ಅಡಿಯಲ್ಲಿ ರಕ್ತ ಒಣಗಿತ್ತು.

"ಅವನಿಗೆ ಫೋನ್ ಮಾಡು. ತಪ್ಪು ನಮ್ಮದು ಅಂತ ನಿನ್ನ ಬಾಯಲ್ಲೇ ಹೇಳು. ಅಲ್ಲೀತನಕ ಈ ಕೈ ಎತ್ತಲ್ಲ."

ನಾನೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವನ ಮುಂದೆ ಹಿಡಿದೆ. ತುಂಬ ಹೊತ್ತು ರಿಂಗಾದ ಮೇಲೆ ಅನೀಶನ ದನಿ ಬಂತು.

"ಸ್ವಲ್ಪ ತಡ ಆಯ್ತು ಚಾಮುಂಡಿ. ಎಡಗೈಯಲ್ಲಿ ಅಭ್ಯಾಸ ಇಲ್ಲ. ಹೇಳು."

ಪ್ರಶಾಂತ ಬಾಯಿ ತೆರೆದ. "ನಾನು ಕಣೋ, ಪ್ರಶಾಂತ," ಎಂದ. ಅತ್ತೆಯ ಕೈ ನೆಲದ ಮೇಲೇ ಇತ್ತು.