ಎ ಬಿ ಸಿ ಡಿ ಪ್ರಕಾರ ಕಟ್ಟಿದ ಹಗ್ಗಗಳು

ತಂಗೀ ಹಿಲ್ಡಾ, ಹಿಂದಿನ ಮೆಸೇಜ್ ಅರ್ಧಕ್ಕೇ ನಿಂತೋಯ್ತು, ಈ ಫೋನಿಗೂ ನನ್ನ ಮಾತು ಸಾಕಾಗಿದೆ. ಕೇಳು. ಆ ಬೇಸಿಲ್ ನಿಕಲ್ ಇದಾನಲ್ಲ, ಲೈಬ್ರರಿಯಿಂದ ರಿಟೈರ್ ಆಗಿ ನಮ್ಮ ಹಾಯಿಹಡಗಿಗೆ ವಕ್ಕರಿಸಿದೋನು, ಏನ್ ಮಾಡಿದಾನೆ ಗೊತ್ತಾ? ಗೂಟಗಳಿಗೆ ಸುತ್ತಿದ್ದ ಹಗ್ಗಗಳನ್ನೆಲ್ಲ ಬಿಚ್ಚಿ, ಎ ಬಿ ಸಿ ಡಿ ಪ್ರಕಾರ ಜೋಡಿಸಿ, ಒಂದೊಂದಕ್ಕೂ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ ಹೊಡೆದಿದಾನೆ!

ನಮ್ಮ ಲೂನೆನ್‌ಬರ್ಗ್ ಬಂದರಲ್ಲಿ ಹುಟ್ಟಿದ ಯಾವನಾದ್ರೂ ಹಗ್ಗದ ಹೆಸರು ಓದ್ತಾನೇನೇ? ಕಣ್ಣು ಮುಚ್ಚಿದ್ರೂ ಕೈ ಹೋಗಿ ಹಿಡ್ಕೊಳುತ್ತೆ.

"ಹೊಸಬರಿಗೆ ಅನುಕೂಲ ಆಗ್ಲಿ ಅಂತ, ಎನಸ್," ಅಂದ. "ಅರ್ಥಾನೂ ಬರ್ದಿದೀನಿ, ಓದು."

ಓದಿದೆ. ಪೀಕ್ ಹಗ್ಗ: ಹಾಯಿಯ ಮೇಲಿನ ತೊಲೆಯ ತುದಿ ಎತ್ತುವುದು. ಥ್ರೋಟ್ ಹಗ್ಗ: ಆ ತೊಲೆಯ ಕತ್ತು, ಅಂದ್ರೆ ಅದು ಕಂಬ ಕಚ್ಚಿರೋ ಕಡೆ, ಎತ್ತುವುದು.

"ನಂಗೇ ಪಾಠ ಮಾಡ್ತೀಯೇನೋ? ನೀನು ಪುಸ್ತಕಕ್ಕೆ ಸೀಲ್ ಹೊಡೀತಿದ್ದಾಗ ನಾನು ಇದೇ ಹಗ್ಗ ಎಳೀತಿದ್ದೆ!"

"ಮಾವ, ಜಗಳ ಸಾಕು," ಅಂದ್ಲು ನಿನ್ನ ಮಗಳು ಮರ್ಲ್. "ಕಮಿಟಿಯೋರು ಹತ್ತಿ ಕೂತಾಯ್ತು." ಅವತ್ತು ಹಡಗಿನ ಕಮಿಟಿಯೋರ ಮುಂದೆ ಅವಳ ಪರೀಕ್ಷೆ. ಚೆನ್ನಾಗಿ ಓಡಿಸಿದ್ರೆ ಈ ಬೇಸಿಗೆಗೆ ಅವಳೇ ಕ್ಯಾಪ್ಟನ್, ಇಲ್ದಿದ್ರೆ ಮತ್ತೆ ಮೀನು ಫ್ಯಾಕ್ಟರಿ. ಹಗ್ಗ ವಾಪಸ್ ಹಾಕೋಕೆ ಟೈಮೆಲ್ಲಿ? ಹೊರಟ್ವಿ.

ದೀಪಸ್ತಂಭದ ಗುಡ್ಡ ದಾಟಿದ್ವಿ, ಗಾಳಿ ನುಗ್ಗಿತು ನೋಡು. ಕಮಿಟಿಯೋರ ಹೆರಿಂಗ್ ಮೀನಿನ ತಟ್ಟೆ ಜಾರಿ ಸಮುದ್ರಕ್ಕೆ. ಹಡಗು ಪೂರ್ತಿ ವಾಲಿತು. "ಪೀಕ್ ಬಿಡಿ!" ಅಂತ ಮರ್ಲ್ ಕಿರುಚಿದ್ಲು. ತುದಿ ಇಳಿಸಿದ್ರೆ ಹಾಯಿಯಿಂದ ಗಾಳಿ ಚೆಲ್ಲುತ್ತೆ, ಹಡಗು ನೆಟ್ಟಗಾಗುತ್ತೆ. ನನ್ನ ಕೈ ಹೋಯ್ತು. ಎಲ್ಲಿಗೆ? ಹಳೇ ಗೂಟಕ್ಕೆ! ಬಿಚ್ಚಿದೆ. ಅಲ್ಲೀಗ ಇದ್ದಿದ್ದು ಥ್ರೋಟ್ ಹಗ್ಗ, ಇಳಿದಿದ್ದು ಕತ್ತು! ತೊಲೆ ಅಡ್ಡಾದಿಡ್ಡಿ ತಿರುಗಿ ಸಿಕ್ಕಾಕ್ಕೊಳ್ತು, ಹಡಗು ಇನ್ನೂ ವಾಲಿತು, ಕಮಿಟಿಯೋರು ಒಬ್ಬರ ಮೇಲೊಬ್ರು ಉರುಳಿದ್ರು.

ಆಗ ಈ ಬೇಸಿಲ್, ಗಂಟು ಹಾಕೋಕೂ ಬರದೋನು, ಬಗ್ಗಿ ಬಿಲ್ಲೆ ಓದಿ, ಪೀಕ್ ಹಗ್ಗ ಬಿಟ್ಟ. ಹಡಗು ಎದ್ದು ನಿಂತಿತು.

"ಪಿ, ಎನಸ್," ಅಂದ. "ಟಿಗಿಂತ ಮುಂಚೆ ಬರುತ್ತೆ."

ಸಮುದ್ರಕ್ಕೆ ತಳ್ಳಬೇಕು ಅನ್ನಿಸ್ತು ಕಣೇ!

ಮರ್ಲ್‌ಗೆ ಹಡಗು ಸಿಕ್ತು. ಗಾಳಿಯಲ್ಲಿ ಹೆದರ್ಲಿಲ್ಲ ಹುಡುಗಿ ಅಂದ್ರಂತೆ. ದಡಕ್ಕೆ ಬಂದ ತಕ್ಷಣ ನಾನು, "ಮೊದ್ಲು ಹಗ್ಗ ಹಳೇ ಜಾಗಕ್ಕೆ ಹಾಕ್ಸು," ಅಂದೆ.

"ಇಲ್ಲ ಮಾವ. ಹೊಸಬರೆಲ್ಲ ಬೆಳಗ್ಗೆಯಿಂದ ಇದನ್ನೇ ಕಲ್ತಾಯ್ತು. ಈಗ ನೀನು ಕಲಿ."

ಯಾರ ಮಗಳೇ ಅದು? ಹಿಲ್ಡಾ, ನನ್ನ ಕನ್ನಡಕಕ್ಕೆ ಒಂದು ದಾರ ಕಳ್ಸು. ಗಟ್ಟಿದು, ಗಾಳಿಗೆ ಹಾರಿಹೋಗಬಾರ್ದು.